ಸೈಲೆನ್ಸರ್ ಪುರಾಣ: ಒಂದು ಪುಟ್ಟ ಕಾರು, ಒಂದು ತುಕ್ಕು ಕೊಳವೆ

ಹಳೇ ಕಾರುಗಳ ಬಗ್ಗೆ ಬರೆಯುವವರು ಇಂಜಿನ್ ಬಗ್ಗೆ ಬರೆಯುತ್ತಾರೆ, ರೇಸು-ರ‍್ಯಾಲಿಗಳ ಬಗ್ಗೆ ಬರೆಯುತ್ತಾರೆ, ಹೊಳೆಯುವ ಬಣ್ಣದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಕಾರಿನ ಹೊಟ್ಟೆಯಡಿ ನೇತಾಡಿಕೊಂಡು, ಕೆಸರು-ನೀರು ಎರಚಿಸಿಕೊಂಡು, ಒಳಗಿನಿಂದಲೂ ಹೊರಗಿನಿಂದಲೂ ತುಕ್ಕು ತಿನ್ನುತ್ತಾ ಬದುಕುವ ಹೊಗೆ ಕೊಳವೆಯ ಚರಿತ್ರೆ ಮಾತ್ರ ಯಾರಿಗೂ ಬೇಡ! ಇವತ್ತು ಅದನ್ನೇ ಬರೆಯೋಣ ಅನ್ನಿಸಿತು. ಉದಾಹರಣೆಗೆ ಆರಿಸಿಕೊಂಡಿರುವುದು ಇಂಗ್ಲೆಂಡಿನ ಹಳೇ ಮಿನಿ ಕಾರು. ಮಿಸ್ಟರ್ ಬೀನ್ ಓಡಿಸುತ್ತಿದ್ದನಲ್ಲ, ಆ ಬೆಂಕಿಪೊಟ್ಟಣದಂಥ ಕಾರು. ಅದರ ಸೈಲೆನ್ಸರ್ ಬದಲಿಸುವುದು ಒಂದು ಕಾಲಕ್ಕೆ ಬ್ರಿಟಿಷರಿಗೆ ಮನೆಗೆ ಸುಣ್ಣ ಹೊಡೆಸಿದಷ್ಟು ಮಾಮೂಲಿ ಕೆಲಸ. ಯಾಕೆ ಅಷ್ಟು ಬೇಗ ಹಾಳಾಗುತ್ತಿತ್ತು? ಅದನ್ನು ಗಟ್ಟಿಯಾಗಿ ಮಾಡಲು ಬರುತ್ತಿರಲಿಲ್ಲವೇ? ಇದನ್ನು ಹುಡುಕುತ್ತಾ ಹೋದರೆ ಕತೆ ಲೋಹದಿಂದ ಶುರುವಾಗಿ ದುಡ್ಡಿನಲ್ಲಿ ಹೋಗಿ ನಿಲ್ಲುತ್ತದೆ.

ಮೊದಲು ಹೆಸರಿನ ವಿಚಾರ. ನಾವು 'ಸೈಲೆನ್ಸರ್' ಅನ್ನುತ್ತೇವೆ, ಅಮೆರಿಕದವರು 'ಮಫ್ಲರ್' ಅನ್ನುತ್ತಾರೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿರುವುದು ಬ್ರಿಟಿಷರು ಬಿಟ್ಟುಹೋದ ಪದ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಸೋದರರು ವಾಹನದ ಹೊಗೆಯ ಸದ್ದಡಗಿಸುವ ಸಾಧನಕ್ಕೆ 1897ರಲ್ಲೇ ಪೇಟೆಂಟ್ ಪಡೆದಿದ್ದರು. ಬಂದೂಕಿನ ಸೈಲೆನ್ಸರ್‌ಗೆ 1909ರಲ್ಲಿ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್ ಕೂಡ ಇಂಜಿನ್ನುಗಳ ಸದ್ದಿನ ಬೆನ್ನು ಹತ್ತಿದ್ದವನೇ. ತತ್ವ ಎರಡಕ್ಕೂ ಒಂದೇ. ಸಿಡಿದು ಹೊರಬರುವ ಅನಿಲಕ್ಕೆ ದಿಢೀರನೆ ಹೊರಗೆ ಹಾರಲು ಬಿಡದೆ, ಕೋಣೆಯಿಂದ ಕೋಣೆಗೆ, ತೂತುಗಳಿಂದ ತೂತುಗಳಿಗೆ ಸುತ್ತಿಸಿ, ಸುಸ್ತು ಮಾಡಿಸಿ ಹೊರಗೆ ಕಳಿಸುವುದು. ನಮ್ಮ ಸರಕಾರಿ ಕಚೇರಿಗಳಲ್ಲಿ ಅರ್ಜಿಗಳಿಗೆ ಮಾಡುತ್ತಾರಲ್ಲ, ಹಾಗೆ :-)

ಇರಲಿ, ಮಿನಿಗೆ ಬರೋಣ.

1956ರಲ್ಲಿ ಸೂಯೆಜ್ ಬಿಕ್ಕಟ್ಟು ಬಂತು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಪದ್ಧತಿ ಜಾರಿಯಾಯಿತು. ಮೂರು ಚಕ್ರದ, ಗುಳ್ಳೆಯಂಥ ಪುಟಾಣಿ ಗಾಡಿಗಳು ರಸ್ತೆ ತುಂಬತೊಡಗಿದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಮುಖ್ಯಸ್ಥ ಲೆನಾರ್ಡ್ ಲಾರ್ಡ್‌ಗೆ ಅವುಗಳನ್ನು ಕಂಡರಾಗದು. "ನಿಜವಾದ ಪುಟ್ಟ ಕಾರು" ಮಾಡುವ ಕೆಲಸವನ್ನು ಆತ ಅಲೆಕ್ ಇಸಿಗೋನಿಸ್‌ಗೆ ಒಪ್ಪಿಸಿದ. ಸ್ಮಿರ್ನಾದಲ್ಲಿ (ಇಂದಿನ ಇಜ್ಮಿರ್) 1906ರಲ್ಲಿ ಹುಟ್ಟಿದ ಈ ಇಸಿಗೋನಿಸ್ 1948ರ ಮಾರಿಸ್ ಮೈನರ್ ಕಾರಿನ ಜನಕ. ಹತ್ತು ಅಡಿ ಉದ್ದದೊಳಗೆ ನಾಲ್ಕು ಜನ ಕೂರಬೇಕು, ಸಾಮಾನಿಗೂ ಜಾಗ ಬೇಕು ಅಂದಾಗ ಅವನು ಇಂಜಿನ್ನನ್ನು ಅಡ್ಡಡ್ಡ ಮಲಗಿಸಿದ. ಗೇರ್‌ಬಾಕ್ಸನ್ನು ಇಂಜಿನ್ನಿನ ಕೆಳಗೆ, ಎಣ್ಣೆ ತೊಟ್ಟಿಯೊಳಗೇ ಸೇರಿಸಿದ. ಮುಂದಿನ ಚಕ್ರಗಳನ್ನೇ ತಿರುಗಿಸುವ ವ್ಯವಸ್ಥೆ ಮಾಡಿದ. ಚಕ್ರಗಳೋ, ಬರೀ ಹತ್ತು ಇಂಚಿನವು. 1959ರ ಆಗಸ್ಟ್ 26ರಂದು ಕಾರು ಬಿಡುಗಡೆಯಾಯಿತು. 848 ಸಿ.ಸಿ. ಇಂಜಿನ್, 34 ಅಶ್ವಶಕ್ತಿ, ಬೆಲೆ ತೆರಿಗೆ ಸೇರಿ ಸುಮಾರು 497 ಪೌಂಡ್.

ಈ ಬೆಲೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಫೋರ್ಡ್ ಕಂಪನಿಯವರು ಒಂದು ಮಿನಿಯನ್ನು ಕೊಂಡು, ಒಂದೊಂದು ನಟ್ಟೂ ಬಿಚ್ಚಿ ಲೆಕ್ಕ ಹಾಕಿ, "ಇವರು ಪ್ರತಿ ಕಾರಿಗೂ 30 ಪೌಂಡ್ ಕಳೆದುಕೊಳ್ಳುತ್ತಿದ್ದಾರೆ" ಎಂದು ತೀರ್ಮಾನಿಸಿದ ಕತೆ ಪ್ರಸಿದ್ಧ. ಆ ಲೆಕ್ಕ ಸರಿಯೋ ತಪ್ಪೋ ಎಂಬ ಜಗಳ ಬೇರೆ. ಅಷ್ಟು ಬಿಗಿಯಾದ ಬೆಲೆಯಲ್ಲಿ ಒಂದು ಪೌಂಡ್ ಉಳಿದರೂ ಉಳಿತಾಯವೇ ಅನ್ನುವುದು ಮುಖ್ಯ.

ಹೊಗೆ ಕೊಳವೆಯ ಹಣೆಬರಹ ಬರೆದದ್ದು ಇನ್ನೊಂದು ನಿರ್ಧಾರ. ಮಿನಿಯ ಮೊದಲ ಪ್ರಯೋಗದ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಮತ್ತು ಹೊಗೆಯ ಬಾಯಿ ಎರಡೂ ಕಾರಿನ ಮುಂಭಾಗಕ್ಕೆ, ಗಾಳಿಗೆ ಮುಖ ಮಾಡಿದ್ದವು. ತಣ್ಣನೆ ಗಾಳಿಗೆ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತದೆ ಎಂಬ ಕಾರಣ ಕೊಟ್ಟು ಇಡೀ ಇಂಜಿನ್ನನ್ನು ಹಿಂದು ಮುಂದು ತಿರುಗಿಸಿಬಿಟ್ಟರು (ಗೇರ್‌ಬಾಕ್ಸಿನ ಕಾರಣವೂ ಇತ್ತೆಂದು ಹೇಳುವವರಿದ್ದಾರೆ). ಅದರಿಂದ ಎರಡು ಪರಿಣಾಮಗಳಾದವು. ಒಂದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಂದೆ ಬಂದು ಜೋರು ಮಳೆಯಲ್ಲಿ ನೆನೆದು ಕಾರು ನಿಂತುಬಿಡುವುದು ಶುರುವಾಯಿತು. ಇದು ಎಲ್ಲರಿಗೂ ಗೊತ್ತಿರುವ ಕತೆ. ಇನ್ನೊಂದು, ಹೊಗೆ ಕೊಳವೆಯ ಮೊದಲ ಕೀಲು ಇಂಜಿನ್ನಿಗೂ ಹಿಂದಿನ ಗೋಡೆಗೂ ನಡುವಿನ ಸಂದಿಗೆ ಹೋಗಿ ಅಡಗಿ ಕೂತಿತು. ಇದು ಅದನ್ನು ಬಿಚ್ಚಲು ಕೈ ಹಾಕಿದವರಿಗೆ ಮಾತ್ರ ಗೊತ್ತಿರುವ ಕತೆ!

ಅಲ್ಲಿಂದ ಕೊಳವೆ ಕಾರಿನ ನೆಲದ ನಟ್ಟನಡುವೆ ಹಿಂದಕ್ಕೆ ಸಾಗುತ್ತದೆ. ಮುಂದಿನ ಚಕ್ರಗಳನ್ನೇ ಎಳೆಯುವ ಕಾರಿಗೆ ಹಿಂದಕ್ಕೆ ಹೋಗುವ ದಂಡವೇ ಇಲ್ಲ, ಮತ್ತೆ ನೆಲದ ಮಧ್ಯೆ ಆ ಉಬ್ಬು ಯಾಕಿದೆ ಎಂದು ನೀವು ಕೇಳಬಹುದು. ಈ ಕೊಳವೆಗಾಗಿ! ಹತ್ತು ಇಂಚಿನ ಚಕ್ರದ ಕಾರು ನೆಲಕ್ಕೆ ಎಷ್ಟು ಹತ್ತಿರವಿರುತ್ತದೆ ಎಂದು ಯೋಚಿಸಿ. ಕೊಳವೆ ಆ ಉಬ್ಬಿನೊಳಗೆ ಅಡಗದಿದ್ದರೆ ಮೊದಲ ಹಂಪ್‌ನಲ್ಲೇ ಕಿತ್ತುಬರುತ್ತಿತ್ತು. ತೆಳು ತಗಡಿನ ನೆಲಕ್ಕೆ ಆ ಮಡಿಕೆಯಿಂದ ಬಲವೂ ಬಂತು.

ಇಂಜಿನ್ನಿನ ಬಗ್ಗೆಯೂ ಎರಡು ಮಾತು. ಅದು 1951ರ ಆಸ್ಟಿನ್ ಎ-30 ಕಾರಿಗೆಂದು ಮಾಡಿದ 'ಎ-ಸೀರೀಸ್' ಕುಟುಂಬದ್ದು. ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ಬಾಯಿ ಮೂರೇ. ಮಧ್ಯದ ಎರಡು ಸಿಲಿಂಡರ್‌ಗಳಿಗೆ ಒಂದೇ ಬಾಯಿ, ಸಯಾಮಿ ಅವಳಿಗಳ ಹಾಗೆ. ಸಿಲಿಂಡರ್‌ಗಳು ಸಿಡಿಯುವ ಸರದಿ 1-3-4-2. ಅಂದರೆ 2 ಮತ್ತು 3 ಒಂದಾದ ಮೇಲೊಂದು ಸಿಡಿಯುವುದಿಲ್ಲ, ಇಂಜಿನ್ ಸರಿಯಾಗಿ ಒಂದು ಪೂರ್ತಿ ಸುತ್ತು ತಿರುಗುವಷ್ಟು ಅಂತರ ಅವುಗಳ ನಡುವೆ ಇದೆ. 1 ಮತ್ತು 4ಕ್ಕೂ ಹಾಗೆಯೇ. ಇದನ್ನು ಗಮನಿಸಿದ ರೇಸು ಮಂದಿ ಮಧ್ಯದ ಬಾಯಿಗೆ ಉದ್ದನೆಯ ಒಂದು ಕೊಳವೆ, ಅಕ್ಕಪಕ್ಕದ ಎರಡನ್ನು ಮೊದಲೇ ಸೇರಿಸಿ ಇನ್ನೊಂದು ಕೊಳವೆ ಎಂದು ಜೋಡಿಸಿ ನೋಡಿದರು. ಹೊಗೆ ಸಲೀಸಾಗಿ ಹೊರಬಿತ್ತು, ಇಂಜಿನ್ನಿಗೆ ಉಸಿರು ಬಂತು. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಮಿನಿಗಳು ಗೆದ್ದ ಮೇಲಂತೂ ಮನೆಯ ಮುಂದಿನ ಸಾದಾ ಮಿನಿಗೂ ಇಂಥ ಕೊಳವೆ ಕೂರಿಸುವ ಹುಚ್ಚು ಹಬ್ಬಿತು. ಸೈಲೆನ್ಸರ್ ಬದಲಿಸುವುದು ಕೆಲವರಿಗೆ ರಿಪೇರಿ, ಕೆಲವರಿಗೆ ಚಟ!

ಈಗ ನಮ್ಮ ಪ್ರಶ್ನೆಗೆ ಬರೋಣ. ಮಿನಿಯ ಕೊಳವೆ ಯಾಕೆ ಹಾಳಾಗುತ್ತಿತ್ತು? ಎರಡು ರೀತಿಯಲ್ಲಿ: ಮುಂದಿನ ತುದಿಯಲ್ಲಿ ಮುರಿಯುತ್ತಿತ್ತು, ಹಿಂದಿನ ತುದಿಯಲ್ಲಿ ಕೊಳೆಯುತ್ತಿತ್ತು.

ಮುರಿಯುವ ಕತೆ ಮೊದಲು. ಅಂಬಾಸಡರ್‌ನಂಥ ಕಾರಿನಲ್ಲಿ ಇಂಜಿನ್ ಉದ್ದಕ್ಕೆ ಇರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಎಡಬಲಕ್ಕೆ ವಾಲುತ್ತದೆ, ಉದ್ದಕ್ಕಿರುವ ಹೊಗೆ ಕೊಳವೆ ಸ್ವಲ್ಪ ತಿರುಚಿಕೊಂಡು ಸುಮ್ಮನಿರುತ್ತದೆ. ಮಿನಿಯಲ್ಲಿ ಇಂಜಿನ್ ಅಡ್ಡ ಇರುವುದರಿಂದ ಅದು ವಾಲುವುದು ಹಿಂದಕ್ಕೆ ಮುಂದಕ್ಕೆ. ಕ್ಲಚ್ ಬಿಟ್ಟಾಗಲೆಲ್ಲ ಕೊಳವೆಯನ್ನು ನೂಕುತ್ತದೆ, ಎಳೆಯುತ್ತದೆ, ಬಗ್ಗಿಸುತ್ತದೆ. ಇಂಜಿನ್ ಹೀಗೆ ಕುಣಿಯದಂತೆ ಹಿಡಿಯಲು ಮೇಲ್ಗಡೆ ಒಂದು ಪುಟ್ಟ ಕಂಬಿ, ಅದರ ಎರಡು ತುದಿಗೂ ರಬ್ಬರ್ ಬುಷ್‌ಗಳು. ಜೊತೆಗೆ ಕೊಳವೆಯನ್ನು ಗೇರ್‌ಬಾಕ್ಸಿಗೆ ಬಿಗಿಯುವ ಒಂದು ಹಿಡಿಕೆ. ರಬ್ಬರ್ ಸವೆಯಿತೋ, ಹಿಡಿಕೆ ಸಡಿಲವಾಯಿತೋ, ಭಾರವೆಲ್ಲ ಆ ಸಂದಿಯೊಳಗಿನ ಮೊದಲ ಕೀಲಿನ ಮೇಲೆ ಬಿದ್ದು ಕೊಳವೆ ಅಲ್ಲೇ ಬಿರುಕು ಬಿಡುತ್ತದೆ. ಇದು ಗೊತ್ತಿಲ್ಲದವರು ಹೊಸ ಕೊಳವೆ ತಂದು ಹಾಕುತ್ತಾರೆ. ಕೆಲವು ತಿಂಗಳಲ್ಲಿ ಅದೂ ಅಲ್ಲೇ ಮುರಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಮುಂದೆ ಬಂದ ಅಡ್ಡ ಇಂಜಿನ್ನಿನ ಕಾರುಗಳಲ್ಲಿ ಕೊಳವೆಯ ಮಧ್ಯೆ ಬಳುಕುವ ಜಾಲರಿ ತುಂಡನ್ನೋ, ಸ್ಪ್ರಿಂಗ್ ಇರುವ ಗುಂಡು ಕೀಲನ್ನೋ ಸೇರಿಸುವುದು ರೂಢಿಯಾಯಿತು. ಈಗಿನ ಕಾರುಗಳ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತದೆ.

ಇನ್ನು ಕೊಳೆಯುವ ಕತೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ ಎಂದರೆ ನಂಬುತ್ತೀರಾ? ನಿಜ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಸಿಗ್ನಲ್‌ನಲ್ಲಿ ಮುಂದಿನ ಕಾರಿನ ಬಾಲದಿಂದ ನೀರು ತೊಟ್ಟಿಕ್ಕುವುದನ್ನು ಎಲ್ಲರೂ ನೋಡಿದ್ದೇವೆ. ಕೊಳವೆ ಕಾದಿದ್ದರೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಓಡಿಸುವ ಕಾರಿನ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಇಂಜಿನ್ನಿನಿಂದ ಅತಿ ದೂರದ ಹಿಂದಿನ ಡಬ್ಬಿಯಂತೂ ತಣ್ಣಗೇ ಇರುತ್ತದೆ, ಅಲ್ಲಿ ನೀರು ನಿಲ್ಲುತ್ತದೆ. ಆಗಿನ ಪೆಟ್ರೋಲಿನಲ್ಲಿ ಸೀಸ ಬೇರೆ ಇತ್ತು. ಸೀಸ ಇಂಜಿನ್ನಿನೊಳಗೆ ಗಟ್ಟಿಯಾಗಿ ಕೂರಬಾರದೆಂದು ಬ್ರೋಮಿನ್, ಕ್ಲೋರಿನ್ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಅವು ಈ ನೀರಿನೊಂದಿಗೆ ಸೇರಿದರೆ ಆಮ್ಲ! ಅಂದರೆ ಸೈಲೆನ್ಸರ್ ಡಬ್ಬಿಯೊಳಗೆ ದಿನಾ ಒಂದಿಷ್ಟು ಆಮ್ಲ ಸುರಿದಿಟ್ಟ ಹಾಗೆ. ಹೊರಗಿನಿಂದ, ಚಳಿಗಾಲದಲ್ಲಿ ಹಿಮ ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಸುರಿಯುವ ಉಪ್ಪು. ಸಾದಾ ಉಕ್ಕಿನ ತಗಡು ಇಷ್ಟನ್ನೆಲ್ಲ ಎಷ್ಟು ದಿನ ತಡೆದೀತು?

ಇದು ಬರೀ ಸದ್ದಿನ ತೊಂದರೆಯೂ ಅಲ್ಲ. ಕೊಳವೆ ತೂತಾಗಿ, ಮೇಲಿನ ನೆಲದ ತಗಡೂ ತುಕ್ಕು ಹಿಡಿದು ತೂತಾಗಿದ್ದರೆ (ಹಳೇ ಮಿನಿಗಳಲ್ಲಿ ಇದೂ ಮಾಮೂಲಿ) ಕಾರ್ಬನ್ ಮಾನಾಕ್ಸೈಡ್ ಸೀದಾ ಕಾರಿನೊಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕಿಟಕಿ ಮುಚ್ಚಿಕೊಂಡು ಹೊರಟವರಿಗೆ ಮೊದಲು ತಲೆನೋವು, ಮಂಪರು... ಆಮೇಲೆ ಏಳುತ್ತಾರೆಂಬ ಖಾತ್ರಿ ಇಲ್ಲ.

ಇಲ್ಲಿ ನನಗೆ ಆಶ್ಚರ್ಯವಾಗುವ ಸಂಗತಿ ಒಂದಿದೆ. ತುಕ್ಕು ಹಿಡಿಯದ ಉಕ್ಕು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿಯ ಕೈಯಲ್ಲಿ ರೂಪುಗೊಂಡದ್ದು 1913ರಲ್ಲಿ. ಮಿನಿ ಹುಟ್ಟುವ ಹೊತ್ತಿಗೆ ಅದು ರೂಪುಗೊಂಡು 40 ವರ್ಷ ದಾಟಿತ್ತು. ಆದರೆ ಅದೇ ದೇಶದ ಕಾರಿನ ಸೈಲೆನ್ಸರ್ ಮಾತ್ರ ಸಾದಾ ಉಕ್ಕಿನದು! ಕಾರಣ ಸರಳ. ದುಬಾರಿ ಕೊಳವೆ ಹಾಕಿದರೆ ಕಾರಿನ ಬೆಲೆ ಏರುತ್ತದೆ. 497 ಪೌಂಡ್‌ನ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರ. ಕಾರು ಕೊಳ್ಳುವವನು ಷೋರೂಮಿನಲ್ಲಿ ಬೆಲೆ ನೋಡುತ್ತಾನೆಯೇ ಹೊರತು ಬಗ್ಗಿ ಕೊಳವೆ ನೋಡುವುದಿಲ್ಲ. ಕೊಳವೆ ಹಾಳಾದಾಗ ಖರ್ಚು ಅವನದು, ಕಂಪನಿಯದಲ್ಲ.

ಆ ಖರ್ಚಿನ ಮೇಲೆ ಒಂದು ಉದ್ಯಮವೇ ಎದ್ದು ನಿಂತಿತು. ಅಮೆರಿಕದಲ್ಲಿ ನೇಟ್ ಶರ್ಮನ್ 1956ರಲ್ಲಿ 'ಮೈಡಾಸ್ ಮಫ್ಲರ್' ಅಂಗಡಿಗಳನ್ನು ಶುರುಮಾಡಿದ, ಮೊದಲನೆಯದು ಜಾರ್ಜಿಯಾ ರಾಜ್ಯದ ಮೇಕನ್‌ನಲ್ಲಿ. ನೀವು ಆ ಕಾರು ಇಟ್ಟುಕೊಂಡಿರುವವರೆಗೂ ಮಫ್ಲರ್‌ಗೆ ಗ್ಯಾರಂಟಿ ಎಂಬುದು ಅವನ ಆಕರ್ಷಣೆ. ಸ್ಕಾಟ್ಲೆಂಡಿನ ಟಾಮ್ ಫಾರ್ಮರ್ ಅಮೆರಿಕದಲ್ಲಿ ಇಂಥ ಅಂಗಡಿಗಳನ್ನು ಕಂಡು ಬಂದು 1971ರಲ್ಲಿ ಎಡಿನ್‌ಬರೋದಲ್ಲಿ 'ಕ್ವಿಕ್-ಫಿಟ್' ತೆರೆದ. ಕಾರು ಬಿಡಿ, ಚಹಾ ಕುಡಿಯಿರಿ, ಹೊಸ ಸೈಲೆನ್ಸರ್ ಹಾಕಿಸಿಕೊಂಡು ಹೋಗಿ ಎನ್ನುವಂಥ ವ್ಯವಹಾರ. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆಂದು ಶುರುವಾದ ಸರಕಾರದ ವಾರ್ಷಿಕ ಪರೀಕ್ಷೆ 1967ರ ಹೊತ್ತಿಗೆ ಮೂರೇ ವರ್ಷದ ಕಾರಿಗೂ ಕಡ್ಡಾಯವಾಗಿತ್ತು. ಹಳೇ ಕಾರುಗಳನ್ನು ಹೇಗೋ ದೂಡುವುದು ಕಷ್ಟವಾದಷ್ಟೂ ಇಂಥ ಅಂಗಡಿಗಳಿಗೆ ಸುಗ್ಗಿ. 1999ರಲ್ಲಿ ಫೋರ್ಡ್ ಕಂಪನಿ ಕ್ವಿಕ್-ಫಿಟ್ಟನ್ನು ಸುಮಾರು 100 ಕೋಟಿ ಪೌಂಡ್‌ಗೆ ಕೊಂಡಿತು. ಮಿನಿಯನ್ನು ಬಿಚ್ಚಿ 30 ಪೌಂಡ್ ನಷ್ಟದ ಲೆಕ್ಕ ಹಾಕಿದ್ದ ಅದೇ ಫೋರ್ಡ್!

ಅಂದ ಹಾಗೆ, ಅಂಗಡಿಗೆ ಹೋಗದೆ ಮನೆಯಲ್ಲೇ ಬದಲಿಸುವವರೂ ಇದ್ದರು, ಈಗಲೂ ಇದ್ದಾರೆ. ಅವರ ಕ್ರಮ ಹೀಗಿದೆ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಬೇಕು. ಕಾರನ್ನು ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು, ಬರೀ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಹಳೇ ಕೊಳವೆಯನ್ನು ಉಳಿಸುವ ಆಸೆ ಬೇಡ, ಗರಗಸದಲ್ಲಿ ಕೊಯ್ದು ತೆಗೆಯುವುದೇ ಸುಲಭ. ಹಳೇ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇದ್ದಿರಬಹುದು, ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಹೊಸ ಕೊಳವೆ ಹಾಕುವ ಮೊದಲು ಆ ಕಂಬಿಯ ರಬ್ಬರ್ ಬುಷ್‌ಗಳನ್ನೂ, ಗೇರ್‌ಬಾಕ್ಸಿನ ಹಿಡಿಕೆಯನ್ನೂ ನೋಡಲೇಬೇಕು. ಆಮೇಲೆ ಎಲ್ಲವನ್ನೂ ಸಡಿಲವಾಗಿ ನೇತುಹಾಕಿ, ಕೊಳವೆ ಎಲ್ಲೂ ಮೈಗೆ ತಾಗದಂತೆ ಹೊಂದಿಸಿ, ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಯಾವುದನ್ನೋ ಎಳೆದು ಬಲವಂತವಾಗಿ ಬಿಗಿದರೆ ಆ ಸೆಳೆತವೇ ಮುಂದಿನ ಬಿರುಕು. ಕೊನೆಗೆ ಬಯಲಿನಲ್ಲಿ ಇಂಜಿನ್ ಚಾಲೂ ಮಾಡಿ ಕೀಲುಗಳಲ್ಲಿ ಟುಸ್ ಟುಸ್ ಸದ್ದಿದೆಯೇ ಎಂದು ಕೇಳಬೇಕು. ಮುಚ್ಚಿದ ಷೆಡ್ಡಿನಲ್ಲಿ ಬೇಡ, ಕಾರಣ ಮೇಲೆಯೇ ಹೇಳಿದೆ. ಸಲೀಸಾಗಿ ಉಸಿರು ಬಿಡುವ ರೇಸು ಕೊಳವೆ ಹಾಕಿದ್ದರೆ ಕಾರ್ಬ್ಯುರೇಟರ್‌ನ ಸೂಜಿಯನ್ನೂ ಬದಲಿಸಬೇಕಾಗಬಹುದು.

ಹಾಗಾದರೆ ತುಕ್ಕಿನ ಕತೆ ಮುಗಿದದ್ದು ಯಾವಾಗ? ಲೋಹಶಾಸ್ತ್ರಜ್ಞರಿಗೆ ಜ್ಞಾನೋದಯವಾದಾಗ ಅಲ್ಲ, ಕಾನೂನು ಬಂದಾಗ! ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಈ ಹೊಗೆ ನಿಯಂತ್ರಣ ವ್ಯವಸ್ಥೆ 5 ವರ್ಷ ಅಥವಾ 50,000 ಮೈಲಿ ಕೆಲಸ ಮಾಡಬೇಕೆಂಬ ಹೊಣೆಯನ್ನು ಕಾನೂನು ಕಾರು ಮಾಡುವವರ ತಲೆಗೇ ಕಟ್ಟಿತು. ಯುರೋಪಿನಲ್ಲಿ 1993ರ ಜನವರಿಯಿಂದ ಹೊಸ ಪೆಟ್ರೋಲ್ ಕಾರುಗಳಿಗೆಲ್ಲ ಕನ್ವರ್ಟರ್ ಬೇಕೇ ಬೇಕಾಯಿತು, ಮಿನಿಗೂ ಬಂತು. ಪ್ಲಾಟಿನಂನಂಥ ಲೋಹ ತುಂಬಿದ ಡಬ್ಬಿಯನ್ನು ಎರಡು ವರ್ಷಕ್ಕೆ ತೂತಾಗುವ ಕೊಳವೆಗೆ ನೇತುಹಾಕಲು ಆಗುತ್ತದೆಯೇ? ಸೀಸ ಆ ಡಬ್ಬಿಗೆ ವಿಷ, ಹಾಗಾಗಿ ಪೆಟ್ರೋಲಿನಿಂದ ಸೀಸವೂ ಹೋಯಿತು, ಅದರ ಜೊತೆಗಿದ್ದ ಆಮ್ಲವೂ ಹೋಯಿತು. ಕೊಳವೆಗೆ ಕ್ರೋಮಿಯಂ ಬೆರೆತ ಉಕ್ಕು ಬಂತು. ಅಷ್ಟು ವರ್ಷ ದುಬಾರಿ ಅನ್ನಿಸಿಕೊಂಡಿದ್ದ ಗಟ್ಟಿ ಕೊಳವೆ, ಹಾಳಾದರೆ ಖರ್ಚು ತಮ್ಮದೇ ಎಂದಾದಾಗ ಕಂಪನಿಗಳಿಗೆ ಕೈಗೆಟಕಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ದುಡ್ಡು ಯಾರದೋ ಆಗಿರುವವರೆಗೆ ಜಾತ್ರೆ ನಡೆಯಿತು.

ನಮ್ಮ ದೇಶದಲ್ಲಿ ಮಿನಿ ತಯಾರಾಗಲಿಲ್ಲ. ಆದರೆ ಅದರ ದಾಯಾದಿ ನಮ್ಮಲ್ಲೇ ಇತ್ತು. ಅಂಬಾಸಡರ್‌ನಲ್ಲಿ ಬಹಳ ವರ್ಷ ಇದ್ದದ್ದು ಅದೇ ಬ್ರಿಟಿಷ್ ಕಂಪನಿಯ 'ಬಿ-ಸೀರೀಸ್', 1489 ಸಿ.ಸಿ. ಇಂಜಿನ್. ಅದಕ್ಕೂ ನಾಲ್ಕು ಸಿಲಿಂಡರ್‌ಗೆ ಮೂರೇ ಹೊಗೆ ಬಾಯಿ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಅಂಬಾಸಡರ್ ಬಂತು. ನಮ್ಮಲ್ಲಿ ಬಹುತೇಕ ಕಡೆ ಹಿಮವಿಲ್ಲ, ರಸ್ತೆಗೆ ಉಪ್ಪು ಸುರಿಯುವವರಿಲ್ಲ. ಕರಾವಳಿಯ ಉಪ್ಪುಗಾಳಿ ಬಿಟ್ಟರೆ ಹೊರಗಿನ ತುಕ್ಕು ಕಡಿಮೆ. ಒಳಗಿನ ನೀರು ಮಾತ್ರ ಎಲ್ಲ ದೇಶದಲ್ಲೂ ಒಂದೇ. ಅದಕ್ಕೆ ನಾವು ಕಂಡುಕೊಂಡ ಉತ್ತರ ಬೇರೆ. ತೂತಾದ ಸೈಲೆನ್ಸರ್‌ಗೆ ಗ್ಯಾಸ್ ವೆಲ್ಡಿಂಗ್‌ನವನ ಹತ್ತಿರ ತಗಡಿನ ತೇಪೆ, ಅದರ ಮೇಲೆ ಇನ್ನೊಂದು ತೇಪೆ. ಇನ್ನು ಆಗುವುದೇ ಇಲ್ಲ ಅಂದಾಗ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸದು ತರುವುದು. ಅಲ್ಲಿ ಡಬ್ಬಿ ಬಿಸಾಕಿ ಹೊಸದು ಹಾಕುವ ಉದ್ಯಮ ಬೆಳೆದರೆ ಇಲ್ಲಿ ತೇಪೆ ಹಾಕುವ ಕೈಗಳು ಬೆಳೆದವು. ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ದೇಶವಿಡೀ ಸೀಸವಿಲ್ಲದ ಪೆಟ್ರೋಲ್ ಬಂತು. ತೇಪೆಯವರ ಕೆಲಸವೂ ಅಲ್ಲಿಂದ ಕಡಿಮೆಯಾಗುತ್ತಾ ಹೋಯಿತು.

ಕೊನೆಯ ಹಳೇ ಮಿನಿ ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಹೊರಬಂದದ್ದು 2000ದ ಅಕ್ಟೋಬರ್‌ನಲ್ಲಿ. ಒಟ್ಟು 53 ಲಕ್ಷಕ್ಕೂ ಹೆಚ್ಚು ಕಾರುಗಳು. ಅಷ್ಟೂ ಕಾರುಗಳ ಕೆಳಗೆ ತುಕ್ಕು ಹಿಡಿದು ಬಿದ್ದ ಕೊಳವೆಗಳನ್ನು ಯಾರೂ ಲೆಕ್ಕ ಇಟ್ಟಿಲ್ಲ. ಇವತ್ತು ಉಳಿದಿರುವ ಮಿನಿಗಳಿಗೆ ಪ್ರೀತಿಯಿಂದ ತುಕ್ಕು ಹಿಡಿಯದ ಉಕ್ಕಿನ ಕೊಳವೆ ಕೊಂಡು ಹಾಕಿಸುವವರು ಬಹಳ. ಹಾಗೆ ಮಾಡಿದರೆ ಕಾರು 'ಒರಿಜಿನಲ್' ಆಗಿ ಉಳಿಯುವುದಿಲ್ಲ ಎಂದು ಮುಖ ಸಿಂಡರಿಸುವವರೂ ಇದ್ದಾರೆ. ಸಾದಾ ಉಕ್ಕಿನ ಕೊಳವೆ ಆ ಕಾರಿನ ಸೌಂದರ್ಯದ ಭಾಗವಾಗಿ ಬಂದದ್ದಲ್ಲ, ಬೆಲೆಪಟ್ಟಿಯ ಭಾಗವಾಗಿ ಬಂದದ್ದು. ಅದನ್ನು ಉಳಿಸಿಕೊಳ್ಳಬೇಕೆಂಬ ಹಟ ನನಗಂತೂ ಅರ್ಥವಾಗುವುದಿಲ್ಲ.

ಇದನ್ನು ಓದಿದ ಮೇಲೆ ನಿಮ್ಮ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ಕೆಡುವ ವಸ್ತು ಯಾವುದಿದೆ ಎಂದು ಒಮ್ಮೆ ನೋಡಿ. ಅದನ್ನು ಗಟ್ಟಿಯಾಗಿ ಮಾಡಲು ಬರುವುದಿಲ್ಲವೋ, ಅಥವಾ ಅದು ಕೆಟ್ಟರೆ ಖರ್ಚು ಮಾಡಿದವನದಲ್ಲವೋ? ಹಾಗೇ, ನಿಮ್ಮೂರಿನಲ್ಲಿ ಈಗಲೂ ಸೈಲೆನ್ಸರ್‌ಗೆ ತೇಪೆ ಹಾಕುವವರು ಉಳಿದಿದ್ದರೆ ತಿಳಿಸಿ. ಅವರ ಚರಿತ್ರೆಯನ್ನೂ ಯಾರಾದರೂ ಬರೆದಿಡಬೇಕು.